ಎರಡನೇ ಗೇರಿನಲ್ಲೇ ನಿಂತ ಕಾರು: ರೋಗ ಎಲ್ಲಿ, ಮದ್ದು ಎಲ್ಲಿ?

ಘಾಟಿ ಹತ್ತುವ ಬಸ್ಸಿನಲ್ಲಿ ಡ್ರೈವರ್ ಹಿಂದಿನ ಸೀಟೇ ಬೇಕು ಅಂತ ಹಟ ಮಾಡುವವರು ನಿಮ್ಮಲ್ಲಿ ಯಾರಾದರೂ ಇದ್ದೀರಾ? ಹಾಗಾದರೆ ನೀವು ಇದನ್ನು ನೋಡಿರುತ್ತೀರಿ. ತಾಳವಾಡಿ ಕಡೆಯ ದಿಂಬಂ ಘಾಟಿಯಲ್ಲಿ 27 ಹೇರ್‌ಪಿನ್ ತಿರುವುಗಳಿವೆ. ತಿರುವು ಬಂದಾಗಲೆಲ್ಲ ಡ್ರೈವರ್ ಎಡಗಾಲಿನಿಂದ ಕ್ಲಚ್ ತುಳಿದು, ಎಡಗೈಯಿಂದ ಗೇರ್ ಇಳಿಸಿ, ಮತ್ತೆ ಆಕ್ಸಿಲರೇಟರ್ ಒತ್ತುತ್ತಾರೆ. ಗೇರ್ ತಪ್ಪಿದರೆ ಬಸ್ಸು ಉಸಿರುಗಟ್ಟಿದ ಹಾಗೆ ಕೆಮ್ಮಿ ನಿಲ್ಲುತ್ತದೆ.

ಆಟೋಮ್ಯಾಟಿಕ್ ಕಾರಿನಲ್ಲಿ ಕ್ಲಚ್ ಪೆಡಲ್ಲೇ ಇರುವುದಿಲ್ಲ. ಗೇರ್ ಯಾವಾಗ ಬದಲಿಸಬೇಕು, ಹೇಗೆ ಬದಲಿಸಬೇಕು ಎಂಬುದನ್ನೆಲ್ಲ ಗಾಡಿಯೇ ನೋಡಿಕೊಳ್ಳುತ್ತದೆ. ಆ ಕೆಲಸ ಕೆಟ್ಟಾಗ ಏನಾಗುತ್ತದೆ, ಅದನ್ನು ಹೇಗೆ ಹುಡುಕುತ್ತಾರೆ ಎಂಬುದೇ ಈ ಸಲದ ವಿಷಯ. ಉದಾಹರಣೆಗೆ ಒಂದು ನಿಜವಾದ ಗೇರ್‌ಬಾಕ್ಸನ್ನೇ ತೆಗೆದುಕೊಳ್ಳೋಣ. ಜರ್ಮನಿಯ ಮರ್ಸಿಡಿಸ್-ಬೆಂಜ್ ಕಂಪನಿ 1996ರಲ್ಲಿ ತಂದ, 722.6 ಎಂಬ ಸಂಖ್ಯೆಯಿಂದ ಕರೆಯುವ ಐದು ಗೇರ್‌ಗಳ ಆಟೋಮ್ಯಾಟಿಕ್ ಅದು. ಆ ಕಾಲದ ಇ-ಕ್ಲಾಸ್, ಎಸ್-ಕ್ಲಾಸ್ ಕಾರುಗಳಲ್ಲಿ ಮಾತ್ರವಲ್ಲ, ಕೆಲವು ಜಾಗ್ವಾರ್ ಮತ್ತು ಕ್ರೈಸ್ಲರ್ ಗಾಡಿಗಳಲ್ಲೂ ಇದೇ ಗೇರ್‌ಬಾಕ್ಸ್ ಇತ್ತು. ಆ ಕಾರುಗಳು ಈಗ ಹಳತಾಗಿವೆ. ಗಟ್ಟಿ ಗೇರ್‌ಬಾಕ್ಸ್ ಎಂಬ ಹೆಸರು ಇದಕ್ಕಿದೆ. ಆದರೂ ಇದಕ್ಕೆ ಬರುವ ಕಾಯಿಲೆಗಳು ರಿಪೇರಿ ಮಾಡುವವರಿಗೆಲ್ಲ ಗೊತ್ತು.

ಗೇರ್ ಯಾಕೆ ಬೇಕು?

ಈ ಗೇರ್‌ಬಾಕ್ಸ್‌ನ ದೊಡ್ಡ ಮಾದರಿಯಲ್ಲಿ ಒಂದನೇ ಗೇರಿನ ಅನುಪಾತ 3.59. ಅಂದರೆ ಒಳಗೆ ಬರುವ ಶಾಫ್ಟ್ 3.59 ಸುತ್ತು ತಿರುಗಿದಾಗ ಹೊರಗೆ ಹೋಗುವ ಶಾಫ್ಟ್ 1 ಸುತ್ತು ತಿರುಗುತ್ತದೆ. ವೇಗ ಕಡಿಮೆಯಾಯಿತು, ಆದರೆ ತಿರುಗಿಸುವ ಬಲ ಅಷ್ಟೇ ಪಟ್ಟು ಹೆಚ್ಚಾಯಿತು (ಘರ್ಷಣೆಯ ನಷ್ಟ ಬಿಟ್ಟು). ಎರಡನೆಯದು 2.19, ಮೂರನೆಯದು 1.41, ನಾಲ್ಕನೆಯದು 1.00, ಐದನೆಯದು 0.83. ಶಕ್ತಿಯನ್ನು ಯಾರೂ ಸೃಷ್ಟಿ ಮಾಡಲಿಲ್ಲ ನೋಡಿ. ವೇಗ ಕೊಟ್ಟು ಬಲ ಕೊಂಡುಕೊಂಡದ್ದು, ಅಷ್ಟೇ. ಸನ್ನೆಕೋಲಿನ ಪಾಠ ನೆನಪಿದೆ ಅಲ್ವಾ? ಅದೇ ಇದು.

ಒಳಗೆ ಏನಿದೆ?

ಮೊದಲು ಟಾರ್ಕ್ ಕನ್ವರ್ಟರ್. ಎರಡು ಟೇಬಲ್ ಫ್ಯಾನ್‌ಗಳನ್ನು ಎದುರುಬದುರಾಗಿ ಇಟ್ಟು ಒಂದನ್ನು ಮಾತ್ರ ಹಾಕಿ. ಗಾಳಿ ಬಡಿದು ಇನ್ನೊಂದೂ ಮೆಲ್ಲಗೆ ತಿರುಗಲು ಶುರುವಾಗುತ್ತದೆ. ಗಾಳಿಯ ಬದಲು ಎಣ್ಣೆ ಇದ್ದರೆ ಅದೇ ಟಾರ್ಕ್ ಕನ್ವರ್ಟರಿನ ಮೂಲ ತತ್ತ್ವ. ಎಂಜಿನ್ ಒಂದು ಚಕ್ರವನ್ನು ತಿರುಗಿಸುತ್ತದೆ, ಅದು ಚಿಮ್ಮಿಸಿದ ಎಣ್ಣೆ ಎದುರಿನ ಚಕ್ರವನ್ನು ತಿರುಗಿಸುತ್ತದೆ. ನಡುವೆ ಇರುವ ಮೂರನೆಯ ಚಕ್ರ ಎಣ್ಣೆಯ ದಿಕ್ಕು ತಿರುಗಿಸಿ ಬಲವನ್ನು ಹೆಚ್ಚಿಸುತ್ತದೆ. ಹರ್ಮನ್ ಫಟಿಂಗರ್ ಎಂಬ ಜರ್ಮನ್ ಎಂಜಿನಿಯರ್ 1905ರಲ್ಲಿ ಈ ಉಪಾಯಕ್ಕೆ ಪೇಟೆಂಟ್ ಪಡೆದದ್ದು ಕಾರಿಗಾಗಿ ಅಲ್ಲ, ಹಡಗಿಗಾಗಿ!

ಆಮೇಲೆ ಗ್ರಹ ಗೇರ್‌ಗಳು. ನಡುವೆ ಸೂರ್ಯ ಗೇರ್, ಅದರ ಸುತ್ತ ಸಣ್ಣ ಗ್ರಹ ಗೇರ್‌ಗಳು, ಅವನ್ನು ಹಿಡಿದುಕೊಂಡ ಚೌಕಟ್ಟು, ಎಲ್ಲದರ ಹೊರಗೆ ಒಳಮುಖವಾಗಿ ಹಲ್ಲುಗಳಿರುವ ಉಂಗುರ ಗೇರ್. ಇಂಥ ಮೂರು ಸೆಟ್ ಇದರಲ್ಲಿವೆ. ಸೂರ್ಯನನ್ನು ಅಲುಗಾಡದಂತೆ ಹಿಡಿದು ಉಂಗುರವನ್ನು ತಿರುಗಿಸಿದರೆ ಚೌಕಟ್ಟು ನಿಧಾನವಾಗಿ ತಿರುಗುತ್ತದೆ. ಲೆಕ್ಕಕ್ಕೆಂದು ಉಂಗುರಕ್ಕೆ 80 ಹಲ್ಲು, ಸೂರ್ಯನಿಗೆ 40 ಹಲ್ಲು ಅಂತ ಇಟ್ಟುಕೊಳ್ಳಿ. ಅನುಪಾತ 1 + 40/80, ಅಂದರೆ 1.5. ಉಂಗುರ 1500 ಸುತ್ತು ತಿರುಗಿದರೆ ಚೌಕಟ್ಟು 1000 ಸುತ್ತು. ಸೂರ್ಯ ಮತ್ತು ಚೌಕಟ್ಟನ್ನು ಒಂದಕ್ಕೊಂದು ಬಿಗಿದುಬಿಟ್ಟರೆ? ಇಡೀ ಸೆಟ್ ಒಂದೇ ಗಟ್ಟಿ ವಸ್ತುವಿನಂತೆ ತಿರುಗುತ್ತದೆ, ಅನುಪಾತ 1. ಹೀಗೆ ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಗಿಯಬೇಕು ಎಂಬುದನ್ನು ಬದಲಿಸಿಯೇ ಐದು ಗೇರ್‌ಗಳೂ ಹುಟ್ಟುತ್ತವೆ. ಈ ಮಾತು ಮುಂದೆ ಬೇಕಾಗುತ್ತದೆ, ನೆನಪಿಡಿ.

ಹಿಡಿಯುವ, ಬಿಗಿಯುವ ಕೆಲಸ ಮಾಡುವುದು ಘರ್ಷಣೆ. ತೆಳುವಾದ ಕ್ಲಚ್ ಪ್ಲೇಟ್‌ಗಳ ಕಟ್ಟನ್ನು ಎಣ್ಣೆಯ ಒತ್ತಡ ಒತ್ತುತ್ತದೆ. ಒತ್ತಡ 10 ಬಾರ್, ಪಿಸ್ಟನ್ನಿನ ವಿಸ್ತೀರ್ಣ 50 ಚದರ ಸೆಂ.ಮೀ. ಎಂದಿಟ್ಟುಕೊಂಡರೆ ಒತ್ತುವ ಬಲ 5000 ನ್ಯೂಟನ್. ಸುಮಾರು 500 ಕಿಲೋ ಭಾರವನ್ನು ಮೇಲೆ ಹೇರಿದ ಹಾಗೆ. ಪಾಸ್ಕಲ್ ನಿಯಮ ಪರೀಕ್ಷೆಗೆ ಮಾತ್ರ ಅಂದುಕೊಂಡಿದ್ದಿರಾ?

ಯಾವ ಕಟ್ಟಿಗೆ ಯಾವಾಗ ಎಣ್ಣೆ ಬಿಡಬೇಕು ಎಂದು ಹೇಳುವುದು ಒಂದು ಪುಟ್ಟ ಕಂಪ್ಯೂಟರ್. ಅದರ ಆಜ್ಞೆಯಂತೆ ಆರು ಸೋಲೆನಾಯ್ಡ್ ವಾಲ್ವ್‌ಗಳು ಎಣ್ಣೆಯ ದಾರಿಯನ್ನು ತೆರೆದು ಮುಚ್ಚುತ್ತವೆ. ಆ ವಾಲ್ವ್‌ಗಳಿಗೆ ಕರೆಂಟ್ ಕೊಡುವ ತಂತಿಗಳೂ, ವೇಗ ಅಳೆಯುವ ಎರಡು ಸೆನ್ಸರ್‌ಗಳೂ ಒಂದೇ ಪ್ಲಾಸ್ಟಿಕ್ ಹಲಗೆಯಲ್ಲಿವೆ. ಆ ಹಲಗೆ ಸದಾ ಬಿಸಿ ಎಣ್ಣೆಯಲ್ಲಿ ಮುಳುಗಿರುತ್ತದೆ. ಹೊರಗಿನ ವೈರಿಂಗಿಗೆ ಅದನ್ನು ಜೋಡಿಸುವುದು 13 ಪಿನ್‌ಗಳ ಒಂದು ಪ್ಲಗ್.

ದೂರು ಏನು?

ಗ್ಯಾರೇಜಿಗೆ ಬಂದ ಮಾಲೀಕರು ಹೀಗೆ ಹೇಳುತ್ತಾರೆ: "ಬೆಳಗ್ಗೆ ಚೆನ್ನಾಗೇ ಓಡ್ತು. ಆಮೇಲೆ ಇದ್ದಕ್ಕಿದ್ದ ಹಾಗೆ ಗೇರ್ ಬದಲಾಗೋದೇ ನಿಂತುಹೋಯ್ತು. ನಿಲ್ಲಿಸಿ, ಆಫ್ ಮಾಡಿ ಹೊರಟ್ರೆ ಎರಡನೇ ಗೇರಲ್ಲೇ ಎಳೀತಿದೆ, ಎಂಜಿನ್ ಮಾತ್ರ ಅರಚ್ತಿದೆ. ಒಂದೊಂದ್ ಸಲ ಆಫ್ ಮಾಡಿ ಆನ್ ಮಾಡಿದ್ರೆ ತಾನೇ ಸರಿಹೋಗತ್ತೆ."

ಇದು ಗೇರ್‌ಬಾಕ್ಸ್ ಬೇಕೆಂದೇ ಮಾಡುವ ಕೆಲಸ. ಕಂಪ್ಯೂಟರಿಗೆ ತನ್ನ ಮಾಹಿತಿಯ ಮೇಲೆ ನಂಬಿಕೆ ಹೋದರೆ ಅದು ಗೇರ್ ಬದಲಿಸುವುದನ್ನು ಕೈಬಿಡುತ್ತದೆ. ಆಗ ಮುಂದಕ್ಕೆ ಎರಡನೇ ಗೇರ್, ಹಿಂದಕ್ಕೆ ರಿವರ್ಸ್, ಇಷ್ಟೇ ಸಿಗುತ್ತದೆ. ಕುಂಟುತ್ತಲಾದರೂ ಮನೆ ಸೇರಲಿ ಎಂಬ ಏರ್ಪಾಡು ಅದು.

ಇಲ್ಲೇ ದುಡ್ಡಿನ ಪ್ರಶ್ನೆ ಬರುವುದು. "ಗೇರ್‌ಬಾಕ್ಸೇ ಹೋಗಿದೆ, ಬದಲಿಸಬೇಕು" ಎಂದು ಯಾರಾದರೂ ಹೇಳಿದರೆ, ಹಳೆಯ ಕಾರಿನ ಬೆಲೆಗೆ ಆ ಖರ್ಚು ಹೊಂದುವುದೇ ಇಲ್ಲ. ಎಷ್ಟೋ ಒಳ್ಳೆಯ ಗಾಡಿಗಳು ಗುಜರಿಗೆ ಹೋಗುವುದು ಹೀಗೆ. ನಿಜವಾದ ಕಾರಣ ಒಂದು ಹಳಸಿದ ರಬ್ಬರ್ ಉಂಗುರ ಆಗಿರಬಹುದು! ಹಾಗಾಗಿ ಸ್ಪ್ಯಾನರ್ ಹಿಡಿಯುವ ಮೊದಲು ತಲೆ ಓಡಿಸಬೇಕು.

ಹುಡುಕುವ ಕ್ರಮ

ಮೊದಲ ಹೆಜ್ಜೆ, ಪ್ರಶ್ನೆ ಕೇಳುವುದು. ಬಿಸಿಯಾದ ಮೇಲೆ ಬರುತ್ತದೆಯೇ? ಆಫ್ ಮಾಡಿದರೆ ಹೋಗುತ್ತದೆಯೇ? ಸವೆದ ಪ್ಲೇಟ್ ಕೀ ತಿರುಗಿಸಿದ ಮಾತ್ರಕ್ಕೆ ಹೊಸದಾಗುವುದಿಲ್ಲ ಅಲ್ವಾ? ಹಾಗಾದರೆ ದೋಷ ವಿದ್ಯುತ್ತಿನದು ಎಂದು ನೀವು ತೀರ್ಮಾನಿಸಬಹುದು. ಆದರೆ ತಾಳಿ! ಪ್ಲೇಟ್ ಜಾರಿದ್ದು ಕಂಡರೂ ಕಂಪ್ಯೂಟರ್ ಇದೇ ರೀತಿ ಎರಡನೇ ಗೇರಿಗೆ ಇಳಿಯುತ್ತದೆ, ಕೀ ತಿರುಗಿಸಿದರೆ ಮತ್ತೊಮ್ಮೆ ಪ್ರಯತ್ನ ಮಾಡುತ್ತದೆ. ಆದ್ದರಿಂದ ಈ ಸುಳಿವು ಒಂದೇ ಸಾಲದು.

ಎರಡನೆಯದು, ಸ್ಕ್ಯಾನರ್. ಕಂಪ್ಯೂಟರ್ ಯಾಕೆ ಮುನಿಸಿಕೊಂಡಿತು ಎಂಬುದನ್ನು ಸಂಕೇತ ರೂಪದಲ್ಲಿ ಬರೆದಿಟ್ಟುಕೊಂಡಿರುತ್ತದೆ. ಪಿ0715 ಎಂಬ ಸಂಕೇತ ಇದ್ದರೆ ಒಳಬರುವ ಶಾಫ್ಟಿನ ವೇಗ ಅಳೆಯುವ ಸೆನ್ಸರಿನ ಸರ್ಕ್ಯೂಟಿನಲ್ಲಿ ತೊಂದರೆ ಎಂದರ್ಥ. ಗಮನಿಸಿ: "ಸೆನ್ಸರ್ ಕೆಟ್ಟಿದೆ" ಎಂದಲ್ಲ, "ಅದರ ಸರ್ಕ್ಯೂಟಿನಲ್ಲಿ ತೊಂದರೆ" ಎಂದು. ಸರ್ಕ್ಯೂಟ್ ಅಂದರೆ ಸೆನ್ಸರ್, ತಂತಿ, ಪ್ಲಗ್, ಕಂಪ್ಯೂಟರ್ ಎಲ್ಲವೂ ಸೇರಿತು.

ಮೂರನೆಯದು, ಓಡುತ್ತಿರುವಾಗ ಬರುವ ಅಂಕಿಗಳನ್ನು ನೋಡುವುದು. ಎರಡು ಸೆನ್ಸರ್‌ಗಳ ಹೆಸರು ಎನ್2 ಮತ್ತು ಎನ್3. ಎನ್2 ಮುಂದಿನ ಸೆಟ್ಟಿನ ಸೂರ್ಯ ಗೇರಿನ ವೇಗ ಹೇಳುತ್ತದೆ, ಎನ್3 ಅದೇ ಸೆಟ್ಟಿನ ಗ್ರಹಗಳ ಚೌಕಟ್ಟಿನ ವೇಗ ಹೇಳುತ್ತದೆ. ಒಂದು ಮತ್ತು ಐದನೇ ಗೇರಿನಲ್ಲಿ ಸೂರ್ಯನನ್ನು ಹಿಡಿದು ನಿಲ್ಲಿಸಿರುತ್ತಾರೆ, ಆದ್ದರಿಂದ ಎನ್2 ಸೊನ್ನೆ ತೋರಿಸುವುದು ಸರಿಯೇ. ಎರಡು, ಮೂರು, ನಾಲ್ಕರಲ್ಲಿ ಸೂರ್ಯನನ್ನೂ ಚೌಕಟ್ಟನ್ನೂ ಬಿಗಿದಿರುತ್ತಾರೆ, ಆದ್ದರಿಂದ ಎರಡೂ ಸೆನ್ಸರ್ ಒಂದೇ ಅಂಕಿ ಹೇಳಬೇಕು. ಮೂರನೇ ಗೇರಿನಲ್ಲಿ ಗಾಡಿ ನುಣ್ಣಗೆ ಓಡುತ್ತಿರುವಾಗ ಎನ್3 1800 ಎಂದೂ, ಎನ್2 ಆಗಾಗ ಸೊನ್ನೆ ಎಂದೂ ಹೇಳಿದರೆ? ಸೂರ್ಯ ನಿಜವಾಗಿ ನಿಂತಿದ್ದರೆ ಗಾಡಿ ಜರ್ಕ್ ಹೊಡೆಯಬೇಕಿತ್ತು. ಹೊಡೆಯಲಿಲ್ಲ. ಅಂದರೆ ಗೇರ್ ಸರಿಯಾಗಿದೆ, ವರದಿ ತಪ್ಪಾಗಿದೆ.

ಜಾರುವಿಕೆಯನ್ನೂ ಹೀಗೇ ಲೆಕ್ಕ ಹಾಕಬಹುದು. ಎರಡನೇ ಗೇರಿನಲ್ಲಿ ಒಳಗಿನ ವೇಗ 2190 ಇದ್ದರೆ ಹೊರಗಿನದು 1000 ಇರಬೇಕು. ಹೊರಗಿನ ವೇಗವನ್ನು ಈ ಗೇರ್‌ಬಾಕ್ಸ್ ತಾನೇ ಅಳೆಯುವುದಿಲ್ಲ, ಬ್ರೇಕ್ ವ್ಯವಸ್ಥೆಯ ಚಕ್ರದ ಸೆನ್ಸರ್‌ಗಳಿಂದ ಪಡೆಯುತ್ತದೆ. ಒಳಗೆ 2500, ಹೊರಗೆ 1000 ಬಂದು, ಎಂಜಿನ್ ಶಬ್ದವೂ ಏರಿದರೆ ಪ್ಲೇಟ್ ನಿಜವಾಗಿ ಜಾರುತ್ತಿದೆ. ಆಗ ಗೇರ್‌ಬಾಕ್ಸ್ ಬಿಚ್ಚಲೇಬೇಕಾಗಬಹುದು.

ನಾಲ್ಕನೆಯದು, ಎಣ್ಣೆ. ಹೊಸ ಎಣ್ಣೆ ಕೆಂಪಗೆ, ತಿಳಿಯಾಗಿರುತ್ತದೆ. ಕಪ್ಪಾಗಿ ಸುಟ್ಟ ವಾಸನೆ ಬಂದರೆ ಪ್ಲೇಟ್‌ಗಳು ಬೆಂದಿವೆ. ಹಾಲು ಬೆರೆಸಿದಂತಾಗಿದ್ದರೆ ರೇಡಿಯೇಟರಿನ ನೀರು ಸೇರಿದೆ. ಗೇರ್ ಎಣ್ಣೆ ತಣಿಸುವ ಕೊಳವೆ ರೇಡಿಯೇಟರ್ ಒಳಗೇ ಇರುವುದರಿಂದ ಈ ಅಪಾಯ. ಕೂಲಂಟಿನಲ್ಲಿರುವ ಗ್ಲೈಕಾಲ್ ಸ್ವಲ್ಪ ಬೆರೆತರೂ ಪ್ಲೇಟಿನ ಘರ್ಷಣೆ ಪದರ ಹಾಳಾಗಿ, ಗಾಡಿ ಒಂದೇ ವೇಗದಲ್ಲಿ ಹೋಗುವಾಗ ಒರಟು ರಸ್ತೆ ಮೇಲೆ ಓಡಿದಂತೆ ನಡುಗುತ್ತದೆ. ಆಗ ರೇಡಿಯೇಟರನ್ನೂ ಬದಲಿಸದೆ ಬರೀ ಎಣ್ಣೆ ಬದಲಿಸಿದರೆ ಏನೂ ಪ್ರಯೋಜನವಿಲ್ಲ.

ಬತ್ತಿಯ ಪಾಠ

ಐದನೆಯದು, ಆ 13 ಪಿನ್‌ಗಳ ಪ್ಲಗ್. ಅದು ಕೂರುವ ಪ್ಲಾಸ್ಟಿಕ್ ತೋಳಿಗೆ ಎರಡು ರಬ್ಬರ್ ಉಂಗುರಗಳಿವೆ. ವರ್ಷಗಟ್ಟಲೆ ಬಿಸಿ ತಿಂದು ರಬ್ಬರ್ ಗಟ್ಟಿಯಾದಾಗ ಎಣ್ಣೆ ಜಿನುಗಿ ಪ್ಲಗ್ಗಿನೊಳಗೆ ಬರುತ್ತದೆ. ಇನ್ನೂ ಆಶ್ಚರ್ಯ ಮುಂದಿದೆ. ಆ ಎಣ್ಣೆ ವೈರಿನ ಒಳಗೇ ಹತ್ತಿ, ಎತ್ತರದಲ್ಲಿರುವ ಕಂಪ್ಯೂಟರಿನ ಪಿನ್‌ಗಳನ್ನು ತಲುಪುತ್ತದೆ! ಪಂಪ್ ಇಲ್ಲದೆ ಎಣ್ಣೆ ಮೇಲೆ ಹತ್ತಿದ್ದು ಹೇಗೆ?

ಹಣತೆಯ ಬತ್ತಿ ನೋಡಿ. ಎಣ್ಣೆ ಕೆಳಗಿದೆ, ಜ್ವಾಲೆ ಮೇಲಿದೆ. ಹತ್ತಿಯ ಎಳೆಗಳ ನಡುವಿನ ಸಂದುಗಳಲ್ಲಿ ಎಣ್ಣೆ ಮೇಲೇರುತ್ತದೆ. ಪಾಠದಲ್ಲಿ ಅದಕ್ಕೆ ಲೋಮನಾಳ ಕ್ರಿಯೆ ಎನ್ನುತ್ತೇವೆ. ವೈರಿನ ಒಳಗೂ ಸಣ್ಣ ಸಣ್ಣ ತಾಮ್ರದ ಎಳೆಗಳು, ಅವುಗಳ ನಡುವೆ ಸಂದು, ಸುತ್ತ ಪ್ಲಾಸ್ಟಿಕ್ ಹೊದಿಕೆ. ಬತ್ತಿಗೂ ಅದಕ್ಕೂ ಏನು ವ್ಯತ್ಯಾಸ? ಎಣ್ಣೆಯ ಜತೆ ಬಂದ ಕೊಳೆ ಪಿನ್‌ಗಳ ಮೇಲೆ ಕೂತು ಸಂಪರ್ಕ ಕೆಡಿಸುತ್ತದೆ, ಸಂಕೇತ ಆಗಾಗ ತಪ್ಪುತ್ತದೆ.

ರಿಪೇರಿ

ಮದ್ದು ಈಗ ತಾನಾಗಿಯೇ ಕಾಣುತ್ತದೆ. ಪ್ಲಗ್ ಮತ್ತು ಕಂಪ್ಯೂಟರ್ ಕಡೆಯ ಪಿನ್‌ಗಳನ್ನು ಸ್ವಚ್ಛ ಮಾಡಿ, ಹೊಸ ಉಂಗುರಗಳಿರುವ ತೋಳು ಹಾಕುವುದು. ಆಮೇಲೂ ಎನ್2 ಅಥವಾ ಎನ್3 ಸುಳ್ಳು ಹೇಳಿದರೆ ಸೆನ್ಸರ್ ಇರುವ ಹಲಗೆ ಬದಲಿಸಬೇಕು. ಅದಕ್ಕೆ ಎಣ್ಣೆ ಇಳಿಸಿ, ಕೆಳಗಿನ ಎಣ್ಣೆ ತಟ್ಟೆ ಬಿಚ್ಚಿ, ವಾಲ್ವ್‌ಗಳಿರುವ ಭಾಗವನ್ನು ಕೆಳಗಿಳಿಸಿದರೆ ಸಾಕು; ಗೇರ್‌ಬಾಕ್ಸನ್ನು ಕಾರಿನಿಂದ ಇಳಿಸುವುದು ಬೇಕಿಲ್ಲ. ತಟ್ಟೆಯಲ್ಲಿರುವ ಅಯಸ್ಕಾಂತವನ್ನು ನೋಡುವುದನ್ನು ಮರೆಯಬಾರದು. ಅದರ ಮೇಲೆ ಬೂದು ಬಣ್ಣದ ನುಣ್ಣನೆ ಪುಡಿ ಇದ್ದರೆ ಸಹಜ ಸವೆತ. ಚೂರುಗಳು ಸಿಕ್ಕರೆ ಒಳಗೆ ಏನೋ ಮುರಿದಿದೆ.

ಕೊನೆಗೆ ಹೊಸ ಫಿಲ್ಟರ್, ಹೊಸ ಎಣ್ಣೆ. ಈ ಎಣ್ಣೆಯನ್ನು ಗಾಡಿಯ ಆಯುಸ್ಸು ಪೂರ್ತಿ ಬದಲಿಸಬೇಕಿಲ್ಲ ಎಂದು ಕಂಪನಿ ಮೊದಲು ಹೇಳಿತ್ತು. ಮುಂದೆ ಆ ಸಲಹೆಯನ್ನು ತಾನೇ ಬದಲಿಸಿ, ಎಣ್ಣೆ ಬದಲಿಸಿ ಎಂದಿತು. ಮಟ್ಟವನ್ನು ಎಣ್ಣೆ 80 ಡಿಗ್ರಿ ಸೆಲ್ಸಿಯಸ್ ಬಿಸಿಯಾದಾಗ ನೋಡಬೇಕು, ಯಾಕೆಂದರೆ ಬಿಸಿಯಾದ ಎಣ್ಣೆ ಹಿಗ್ಗುತ್ತದೆ. ತಣ್ಣಗಿರುವಾಗ ಅದೇ ಗುರುತಿನವರೆಗೆ ತುಂಬಿದರೆ ಬಿಸಿಯಾದ ಮೇಲೆ ಹೆಚ್ಚಾಗಿ ಹೋಗುತ್ತದೆ.

ಒಂದು ಎಚ್ಚರಿಕೆ: ಜಾಕ್ ಮಾತ್ರ ಕೊಟ್ಟು ಎತ್ತಿದ ಗಾಡಿಯ ಕೆಳಗೆ ಯಾರೂ ನುಸುಳಬಾರದು, ನೀವಂತೂ ಖಂಡಿತ ಬೇಡ. ಬಿಸಿ ಎಣ್ಣೆ ಚರ್ಮ ಸುಡುತ್ತದೆ. ನೀವು ಮಾಡಬೇಕಾದ ಪ್ರಯೋಗ ಕೆಳಗಿದೆ.

ಮಾಡಿ ನೋಡಿ

ಒಂದು ಲೋಟದಲ್ಲಿ ಶಾಯಿ ಬೆರೆಸಿದ ನೀರು, ಪಕ್ಕದಲ್ಲಿ ಖಾಲಿ ಲೋಟ ಇಡಿ. ಹತ್ತಿ ಬಟ್ಟೆಯ ಉದ್ದನೆ ಪಟ್ಟಿಯನ್ನು ನೀರಿನಲ್ಲಿ ನೆನೆಸಿ, ಒಂದು ತುದಿ ನೀರಿನಲ್ಲಿ, ಇನ್ನೊಂದು ತುದಿ ಖಾಲಿ ಲೋಟದ ತಳದಲ್ಲಿ ಇರುವಂತೆ ಹಾಕಿ. ಮಾರನೆಯ ದಿನ ಎರಡೂ ಲೋಟಗಳ ಮಟ್ಟ ಅಳೆದು ಬರೆಯಿರಿ. ನೀರಿನ ಬದಲು ಅಡುಗೆ ಎಣ್ಣೆಯಲ್ಲಿ ಮಾಡಿದರೆ ವೇಗ ಹೆಚ್ಚೋ ಕಡಿಮೆಯೋ? ಸ್ನಿಗ್ಧತೆಗೂ ಅದಕ್ಕೂ ಏನು ಸಂಬಂಧ?

ಯೋಚಿಸಿ

1. ಮೂರನೇ ಗೇರಿನ ಅನುಪಾತ 1.41. ಒಳಗಿನ ವೇಗ 2820 ಆದರೆ ಹೊರಗಿನ ವೇಗ ಎಷ್ಟು?

2. ಒಂದನೇ ಗೇರಿನಲ್ಲಿ ಎನ್2 ಸೊನ್ನೆ ತೋರಿಸುತ್ತಿದೆ. ಸೆನ್ಸರ್ ಬದಲಿಸಬೇಕೇ? ಯಾಕೆ?

3. ಐದನೇ ಗೇರಿನ ಅನುಪಾತ 1ಕ್ಕಿಂತ ಕಡಿಮೆ. ಇದರಲ್ಲಿ ಘಾಟಿ ಹತ್ತಿದರೆ ಏನಾಗಬಹುದು?

4. ನಿಮ್ಮೂರಿನ ಮೆಕ್ಯಾನಿಕ್ ಒಬ್ಬರನ್ನು ಮಾತಾಡಿಸಿ. ಬಿಚ್ಚುವ ಮೊದಲು ಅವರು ಕೇಳುವ ಪ್ರಶ್ನೆಗಳು ಯಾವುವು? ಒಂದೊಂದು ಪ್ರಶ್ನೆಯಿಂದ ಯಾವ ಸಾಧ್ಯತೆ ಹೊರಗೆ ಹೋಗುತ್ತದೆ ಎಂದು ಪಟ್ಟಿ ಮಾಡಿ ತರಗತಿಯಲ್ಲಿ ಓದಿ.