ಬುಲೆಟ್ಟಿಗೆ ಅಗಲವಾದ ಹಿಂಗಾಲಿ



ಕನ್ನಡ ಕೂಟದ ವೇದಿಕೆಯಲ್ಲಿ ಸಾಹಿತ್ಯ, ಸಂಗೀತ, ವೇದಾಂತಗಳ ಮಾತು ನಡೆಯುವುದು ವಾಡಿಕೆ. ಇಂದು ನಾವು ಆರಿಸಿಕೊಂಡಿರುವ ವಿಷಯವಾದರೋ ಮೋಟಾರ್‌ಸೈಕಲ್ಲಿನ ಹಿಂದಿನ ಗಾಲಿ. ಕೆಲವರು ಹುಬ್ಬೇರಿಸಿರಬಹುದು. ಆದರೆ ಊರಿನಲ್ಲಿ ತಂದೆಯವರು ಓಡಿಸುತ್ತಿದ್ದ ಬುಲೆಟ್ಟನ್ನು ಹಡಗಿನ ಮೂಲಕ ತರಿಸಿ ಗ್ಯಾರೇಜಿನಲ್ಲಿ ನಿಲ್ಲಿಸಿಕೊಳ್ಳುವ ಆಸೆ ನಮ್ಮಲ್ಲಿ ಅನೇಕರಿಗೆ ಉಂಟು. ಅಮೆರಿಕದ ಕಾನೂನಿನಂತೆ, ತಯಾರಾಗಿ 25 ವರ್ಷ ತುಂಬಿದ ವಾಹನಕ್ಕೆ ಇಲ್ಲಿನ ಸುರಕ್ಷತಾ ಮಾನದಂಡಗಳಿಂದ ವಿನಾಯಿತಿ ದೊರೆಯುತ್ತದೆ. ಹೊಗೆಯ ನಿಯಮಗಳಿಂದ ವಿನಾಯಿತಿಗೆ 21 ವರ್ಷ ಸಾಕು, ಆದರೆ ವಾಹನ ತನ್ನ ಮೂಲ ಸ್ವರೂಪದಲ್ಲಿರಬೇಕು. ಹಾಗೆ ಬಂದ ಬುಲೆಟ್ಟನ್ನು ಕಂಡೊಡನೆ ಇಲ್ಲಿಯೇ ಹುಟ್ಟಿ ಬೆಳೆದ ಮಗ ಹೇಳುವ ಮೊದಲ ಮಾತು: "ಅಪ್ಪಾ, ಹಿಂದಿನ ಟೈರು ಸೈಕಲ್ ಟೈರಿನ ಹಾಗಿದೆ, ಅಗಲ ಮಾಡಿಸೋಣ." ಮಗನ ಮಾತಿನಲ್ಲಿ ತಪ್ಪೇನೂ ಇಲ್ಲ. ಮಾಡಬಹುದೇ, ಮಾಡಿದರೆ ಎಲ್ಲೆಲ್ಲಿ ಎಚ್ಚರ ಬೇಕು ಎಂಬುದನ್ನು ವಿವರಿಸುವುದಷ್ಟೇ ನಮ್ಮ ಉದ್ದೇಶ.

ಈ ಚರ್ಚೆಗೆ ನಾವಿರುವ ನೆಲಕ್ಕಿಂತ ತಕ್ಕ ಸ್ಥಳ ಬೇರೊಂದಿಲ್ಲ. ಡೆಟ್ರಾಯಿಟ್ ಎಂದರೆ ಕಾರು ಎಂದಷ್ಟೇ ನಾವು ತಿಳಿದಿದ್ದೇವೆ. ಆದರೆ 1912ರಲ್ಲಿ ವಿಲಿಯಂ ಮತ್ತು ಟಾಮ್ ಹೆಂಡರ್ಸನ್ ಎಂಬ ಸಹೋದರರು ಅದೇ ನಗರದಲ್ಲಿ ನಾಲ್ಕು ಸಿಲಿಂಡರಿನ ಮೋಟಾರ್‌ಸೈಕಲ್ಲನ್ನು ತಯಾರಿಸತೊಡಗಿದರು. ಅದೇ ವರ್ಷ ಕಾರ್ಲ್ ಸ್ಟರ್ನ್ಸ್ ಕ್ಲಾನ್ಸಿ ಎಂಬಾತ ಅಂತಹ ಒಂದು ವಾಹನವನ್ನೇರಿ ಭೂಪ್ರದಕ್ಷಿಣೆಗೆ ಹೊರಟು 1913ರಲ್ಲಿ ಮುಗಿಸಿದನು. 1917ರಲ್ಲಿ ಷಿಕಾಗೊ ನಗರದ ಸೈಕಲ್ ತಯಾರಕ ಇಗ್ನಾಜ್ ಶ್ವಿನ್ ಆ ಸಂಸ್ಥೆಯನ್ನು ಕೊಂಡು ತಯಾರಿಕೆಯನ್ನು ತನ್ನ ಊರಿಗೆ ಒಯ್ದನು. 1931ರಲ್ಲಿ ಅದು ನಿಂತುಹೋಯಿತು. ಇಂದು ನಾವು ಬಂಧುಗಳ ಮನೆಯ ಮದುವೆ ಮುಂಜಿಗಳಿಗೆಂದು ಓಡಾಡುವ ಹಾದಿಯಲ್ಲೇ ಒಂದು ಮೋಟಾರ್‌ಸೈಕಲ್ಲಿನ ಕುಲವೂ ವಲಸೆ ಹೋಗಿತ್ತು ಎಂಬುದು ನಮಗೆ ಸೋಜಿಗವೆನಿಸಿತು.

ಇನ್ನು ವಿಷಯಕ್ಕೆ ಬರೋಣ. 1955ರಲ್ಲಿ ಮದರಾಸಿನಲ್ಲಿ ಆರಂಭವಾದ ಎನ್‌ಫೀಲ್ಡ್ ಇಂಡಿಯಾ ಸಂಸ್ಥೆಯ ಹಳೆಯ 350 ಬುಲೆಟ್ಟಿನ ಹಿಂದಿನ ಟೈರಿನ ಮೇಲೆ 3.25-19 ಎಂದು ಬರೆದಿರುತ್ತದೆ. ಅಗಲ 3.25 ಅಂಗುಲ, ಅಂದರೆ ಸುಮಾರು 83 ಮಿಲಿಮೀಟರು. ರಿಮ್ಮಿನ ವ್ಯಾಸ 19 ಅಂಗುಲ. 2009ರಲ್ಲಿ ಬಂದ ಕ್ಲಾಸಿಕ್ 350ರ ಹಿಂದಿನ ಟೈರಾದರೋ 110/90-18. ಅಗಲ 110 ಮಿಲಿಮೀಟರು, ಎತ್ತರ ಅಗಲದ ಶೇಕಡ 90, ರಿಮ್ಮು 18 ಅಂಗುಲ. ರಿಮ್ಮು ಕಿರಿದು, ಟೈರು ದಪ್ಪ. ಹೀಗಾಗಿ ಹೊರವ್ಯಾಸ ಹೆಚ್ಚುಕಡಿಮೆ ಒಂದೇ. ಲೆಕ್ಕ ಹಾಕಿದರೆ ಹಳೆಯದು ಸುಮಾರು 648, ಹೊಸದು 655 ಮಿಲಿಮೀಟರು. ಶೇಕಡ ಒಂದರಷ್ಟು ವ್ಯತ್ಯಾಸದಿಂದ ಗೇರಿನ ಓಟದಲ್ಲಾಗಲಿ ಸೀಟಿನ ಎತ್ತರದಲ್ಲಾಗಲಿ ಗಮನಕ್ಕೆ ಬರುವಂತಹುದೇನೂ ಆಗದು. ಹಳೆಯ ಬುಲೆಟ್ಟಿನ ಸ್ಪೀಡೋಮೀಟರು ಮುಂದಿನ ಗಾಲಿಯಿಂದ ನಡೆಯುವುದರಿಂದ ಅದಕ್ಕೂ ಬಾಧೆಯಿಲ್ಲ. ಈ ಜೋಡಿ ಜನಪ್ರಿಯವಾದುದು ಈ ಕಾರಣದಿಂದಲೇ.

"ಗಾಲಿ ಏಕೆ, ಟೈರನ್ನಷ್ಟೇ ಬದಲಿಸಿದರಾಗದೇ?" ಎಂಬ ಪ್ರಶ್ನೆ ಸಹಜ. ಆಗದು. ಹಳೆಯ ರಿಮ್ಮಿನ ಒಳ ಅಗಲ 1.85 ಅಂಗುಲ. 110/90 ಟೈರಿಗೆ ಕನಿಷ್ಠ 2.15, ಸರಿಯಾಗಿ ಕೂರಲು 2.50 ಅಂಗುಲ ಬೇಕು. ಕಿರಿದಾದ ರಿಮ್ಮಿನಲ್ಲಿ ಅಗಲ ಟೈರನ್ನು ತುರುಕಿದರೆ ಅದರ ಅಂಚುಗಳು ಒಳಕ್ಕೆ ಸೆಳೆದು ನೆತ್ತಿ ಗೋಪುರದಂತೆ ಉಬ್ಬುತ್ತದೆ. ಹಣ ಕೊಟ್ಟು ಕೊಂಡ ಅಗಲ ನೆಲಕ್ಕೆ ತಾಗುವುದೇ ಇಲ್ಲ.

ಹಾಗಾದರೆ ಕ್ಲಾಸಿಕ್‌ನ ಇಡೀ ಗಾಲಿಯನ್ನು ತಂದು ಸೇರಿಸಬೇಕೇ, ಅಥವಾ ಅದರ ರಿಮ್ಮನ್ನು ಮಾತ್ರವೇ? ಇಲ್ಲಿ ನಮ್ಮ ಅಭಿಪ್ರಾಯ ಸ್ಪಷ್ಟವಾಗಿದೆ. ಹಳೆಯ ಬುಲೆಟ್ಟಿನಲ್ಲಿ ಹಿಂದಿನ ಬ್ರೇಕಿನ ಪೆಡಲು ಎಡಗಾಲಿಗೆ, ಕ್ಲಾಸಿಕ್‌ನಲ್ಲಿ ಬಲಗಾಲಿಗೆ. ಹಳೆಯದರಲ್ಲಿ ಬ್ರೇಕಿನ ಡ್ರಮ್ಮೂ ಸರಪಳಿಯ ಹಲ್ಲುಗಾಲಿಯೂ ಒಂದೇ ತುಂಡು. ಇಡೀ ಗಾಲಿಯನ್ನು ತಂದರೆ ಅಚ್ಚು, ಬುಷ್ಷು, ಬ್ರೇಕಿನ ಸರಳು, ಸರಪಳಿಯ ಸಾಲು ಎಲ್ಲವನ್ನೂ ಹೊಸದಾಗಿ ಹೊಂದಿಸಬೇಕು. ಅದಕ್ಕಿಂತ, ಬುಲೆಟ್ಟಿನ ಸ್ವಂತ ಹಬ್ಬನ್ನೇ ಉಳಿಸಿಕೊಂಡು, 18 ಅಂಗುಲದ ಅಗಲ ರಿಮ್ಮನ್ನು ಅಳತೆಗೆ ತಕ್ಕ ಹೊಸ ಕಡ್ಡಿಗಳಿಂದ ಅದಕ್ಕೆ ಹೆಣೆಸುವುದು ಮೇಲು. ಕಡ್ಡಿ ಹೆಣೆಯುವ ಕೈಗಳು ಈ ದೇಶದಲ್ಲಿ ವಿರಳವಾಗುತ್ತಿವೆ, ಕೂಲಿಯೂ ದುಬಾರಿ. ಆದರೂ ನಮ್ಮ ಸಲಹೆ ಅದೇ.

ಏಕೆಂದರೆ ಇಡೀ ಗಾಲಿ ಬದಲಿಸುವವರು ಮರೆಯುವ ಒಂದು ಭಾಗವಿದೆ. ಬ್ರೇಕು ಹಿಡಿದಾಗ ಒಳಗಿನ ಶೂಗಳು ಡ್ರಮ್ಮನ್ನು ಒತ್ತುತ್ತವೆ. ಆಗ ಡ್ರಮ್ಮು ತನ್ನೊಡನೆ ಶೂಗಳನ್ನೂ, ಅವುಗಳನ್ನು ಹೊತ್ತ ತಟ್ಟೆಯನ್ನೂ ಸುತ್ತಿಸಲು ಯತ್ನಿಸುತ್ತದೆ. ಆ ತಟ್ಟೆ ತಿರುಗದಂತೆ ಅದನ್ನು ಚೌಕಟ್ಟಿನ ತೋಳಿಗೆ ಕಟ್ಟಿಹಾಕುವ ಒಂದು ಆಸರೆಯಿರುತ್ತದೆ. ಬೇರೆ ಮಾದರಿಯ ಗಾಲಿಯನ್ನು ಹಾಕಿದಾಗ ಈ ಆಸರೆಯ ತೂತುಗಳು ಕೂಡಿಬಾರವು. ಆಗ ಕೆಲವರು ಕೈಗೆ ಸಿಕ್ಕಿದ ತೆಳು ಕಬ್ಬಿಣದ ಪಟ್ಟಿಯನ್ನು ಬಗ್ಗಿಸಿ ಬಿಗಿಯುತ್ತಾರೆ. ನಿಂತಲ್ಲಿ ಅದು ಗಟ್ಟಿಯಾಗಿಯೇ ಕಾಣುತ್ತದೆ. ಹೆದ್ದಾರಿಯಲ್ಲಿ ಜೋರಾಗಿ ಬ್ರೇಕು ಒತ್ತಿದ ಕ್ಷಣ ಅದು ಕಳಚಿದರೆ ತಟ್ಟೆ ಗಾಲಿಯೊಡನೆ ಸುತ್ತಿ ಬ್ರೇಕಿನ ಸರಳನ್ನು ಕಿತ್ತು ಗಾಲಿಯನ್ನೇ ಬಂಧಿಸಿಬಿಡಬಹುದು. ಹಿಂದೆ ಕುಳಿತವರು ನಮ್ಮ ಮಗನೋ ಸೊಸೆಯೋ ಆಗಿರುತ್ತಾರೆ. ಈ ಒಂದು ಭಾಗದಲ್ಲಿ ಮಾತ್ರ ಉಳಿತಾಯದ ಬುದ್ಧಿ ಬೇಡ. ಮೂಲದಷ್ಟೇ ದಪ್ಪದ ಉಕ್ಕು, ಸರಿಯಾದ ಬೋಲ್ಟು, ಅದಕ್ಕೆ ಹೊಸ ಪಿನ್ನು ಇರಲೇಬೇಕು. ಎತ್ತಿನ ಬಂಡಿಗೆ ಕಡಾಣಿ ಹೇಗೋ ಇಲ್ಲಿ ಈ ಪಿನ್ನು ಹಾಗೆ.

ಎರಡನೆಯದು ಜಾಗದ ಲೆಕ್ಕ. ಟೈರು 27 ಮಿಲಿಮೀಟರು ಅಗಲವಾದರೆ ಪ್ರತಿ ಪಕ್ಕಕ್ಕೆ ಸುಮಾರು 13 ಮಿಲಿಮೀಟರು ಬೇಕು. ಎಡಗಡೆ ಸರಪಳಿಯೂ ಅದರ ಹೊದಿಕೆಯೂ ಕಾದಿರುತ್ತವೆ. ಗಾಳಿ ತುಂಬಿದ ಟೈರಿಗೂ ಸರಪಳಿಗೂ ನಡುವೆ ಕಿರುಬೆರಳು ಸಲೀಸಾಗಿ ಹೋಗಬೇಕು. ಹೋಗದಿದ್ದರೆ 110ರ ಆಸೆ ಬಿಟ್ಟು 100ರ ಟೈರಿಗೆ ಒಪ್ಪಿಕೊಳ್ಳುವುದು ಜಾಣತನ. ಆದರೆ ಅನೇಕರು ಕಡ್ಡಿಗಳನ್ನು ಎಳೆದು ರಿಮ್ಮನ್ನೇ ಬಲಕ್ಕೆ ಸರಿಸುತ್ತಾರೆ. ಮುಂದಿನ ಗಾಲಿಯ ಜಾಡು ಒಂದು, ಹಿಂದಿನದು ಇನ್ನೊಂದು ಆದರೆ ವಾಹನ ಏಡಿಯಂತೆ ಓರೆಯಾಗಿ ನಡೆಯುತ್ತದೆ. ರಿಮ್ಮಿನ ನಡುಗೆರೆ ಹಬ್ಬಿನ ನಡುವಿಗಲ್ಲ, ಮುಂದಿನ ಗಾಲಿಯ ನಡುಗೆರೆಗೆ ಸರಿಹೊಂದಬೇಕು ಎಂಬುದನ್ನು ಕಡ್ಡಿ ಹೆಣೆಯುವವರಿಗೆ ಮೊದಲೇ ತಿಳಿಸಿ. ನೋಡುವ ಬಗೆ ಸುಲಭ: ಹಿಂದಿನ ಟೈರಿನ ಎರಡೂ ಪಕ್ಕಕ್ಕೆ ಉದ್ದನೆಯ ದಾರ ಹಿಡಿದು ಮುಂದಕ್ಕೆ ಎಳೆದರೆ, ಮುಂದಿನ ಟೈರಿನ ಎರಡು ಬದಿಯಲ್ಲೂ ಸಮನಾದ ಸಂದು ಕಾಣಬೇಕು.

ಸರಪಳಿಯ ಬಗ್ಗೆ ಒಂದೇ ಮಾತು. 520, 525, 530 ಎಂಬ ಮೂರು ಜಾತಿಗಳಲ್ಲೂ ಕೊಂಡಿಯಿಂದ ಕೊಂಡಿಗೆ ದೂರ ಒಂದೇ, 5/8 ಅಂಗುಲ. ಒಳ ಅಗಲ ಮಾತ್ರ ಬೇರೆ. ಹಲ್ಲಿನ ಮೇಲೆ ಕೂತಿತೆಂದ ಮಾತ್ರಕ್ಕೆ ಅದು ಸರಿಯಾದ ಸರಪಳಿಯಲ್ಲ.

ಇಷ್ಟೆಲ್ಲ ಮಾಡಿ ದೊರೆಯುವುದೇನು? ನೆಲದ ಹಿಡಿತ ಇಮ್ಮಡಿಯಾಗುವುದೆಂಬುದು ಭ್ರಮೆ. ಹಿಂದಿನ ಗಾಲಿಯ ಮೇಲೆ 130 ಕಿಲೋ ಭಾರ, ಟೈರಿನಲ್ಲಿ ಚದರ ಸೆಂಟಿಮೀಟರಿಗೆ 2.1 ಕಿಲೋ ಒತ್ತಡ ಇದ್ದರೆ ನೆಲಕ್ಕೆ ತಾಗುವ ಜಾಗ ಹತ್ತಿರಹತ್ತಿರ 62 ಚದರ ಸೆಂಟಿಮೀಟರು. ಟೈರು ಕಿರಿದಾಗಲಿ ಅಗಲವಾಗಲಿ ಅದು ಬಹಳ ಬದಲಾಗದು, ಆಕಾರ ಮಾತ್ರ ಮೊಟಕಾಗಿ ಅಡ್ಡಲಾಗುತ್ತದೆ. ತಿರುವಿನಲ್ಲಿ ಅಗಲ ಟೈರಿನ ತಾಗುವ ಬಿಂದು ಒಳಪಕ್ಕಕ್ಕೆ ಹೆಚ್ಚು ಸರಿಯುವುದರಿಂದ, ಅದೇ ವೇಗಕ್ಕೆ ವಾಹನವನ್ನು ತುಸು ಹೆಚ್ಚು ವಾಲಿಸಬೇಕು. 83ರಿಂದ 110ಕ್ಕೆ ಇದು ಒಂದು ಡಿಗ್ರಿಯಷ್ಟೇ. ಇಲ್ಲಿನ ಪ್ರದರ್ಶನಗಳಲ್ಲಿ ಕಾಣುವ 200 ಮಿಲಿಮೀಟರಿನ ಟೈರುಗಳಲ್ಲಿ ಮೂರು ನಾಲ್ಕು ಡಿಗ್ರಿ, ಅದು ಕೈಗೆ ಚೆನ್ನಾಗಿಯೇ ತಿಳಿಯುತ್ತದೆ. ಲಾಭವೆಂದರೆ ಇಬ್ಬರು ಕುಳಿತಾಗ ಹೆಚ್ಚು ಭಾರ ಹೊರುವ ಶಕ್ತಿ, ಚಳಿಗಾಲ ಕೊರೆದುಬಿಟ್ಟ ಗುಂಡಿಗಳಲ್ಲಿ ರಿಮ್ಮಿಗೆ ಸ್ವಲ್ಪ ರಕ್ಷಣೆ, ಮತ್ತು ನೋಟ. ನೋಟಕ್ಕಾಗಿ ಎಂದು ಒಪ್ಪಿಕೊಳ್ಳುವುದರಲ್ಲಿ ನಾಚಿಕೆ ಬೇಡ.

ಬದಲಾವಣೆಯನ್ನು ವಿಮಾ ಸಂಸ್ಥೆಗೆ ಬರೆದು ತಿಳಿಸಿರಿ. ಮೊದಲ ದಿನವೇ ಐ-94 ಹೆದ್ದಾರಿಗೆ ಇಳಿಯದೆ ಬೀದಿಯಲ್ಲಿ ಹತ್ತು ಮೈಲು ಓಡಿಸಿ ನಿಲ್ಲಿಸಿ, ಹಬ್ಬಿಗೆ ಕೈಯಿಟ್ಟು ಬಿಸಿ ನೋಡಿ, ಸರಪಳಿಯ ಹೊದಿಕೆಯ ಒಳಮೈಯಲ್ಲಿ ಟೈರು ಉಜ್ಜಿದ ಕಪ್ಪು ಗುರುತು ಇದೆಯೇ ಎಂದು ದೀಪ ಹಿಡಿದು ಪರೀಕ್ಷಿಸಿ. ಹೊಸದಾಗಿ ಹೆಣೆದ ಕಡ್ಡಿಗಳು ಮೊದಲ ನೂರು ಮೈಲುಗಳಲ್ಲಿ ಸಡಿಲುತ್ತವೆ; ಒಂದೊಂದನ್ನೂ ಸಣ್ಣ ಸ್ಪ್ಯಾನರಿನಿಂದ ತಟ್ಟಿ ಕೇಳಿದರೆ ಸಡಿಲಾದುದರ ಸ್ವರ ಮಂದವಾಗಿರುತ್ತದೆ. ಅಂತಹವನ್ನು ಗುರುತು ಮಾಡಿ ಹೆಣೆದವರಿಂದಲೇ ಬಿಗಿಸಿಕೊಳ್ಳಿರಿ.