ಕಾರಿನ ಡಿಜಿಟಲ್ ಮೀಟರ್ ಫಲಕದ ಅಳವಡಿಕೆ

ಡಿಜಿಟಲ್ ಮೀಟರ್ ಫಲಕ ಎಂದರೆ ಕಾರಿನ ವೇಗ, ಎಂಜಿನ್ನಿನ ಸುತ್ತುಗಳು, ಇಂಧನದ ಮಟ್ಟ, ಎಂಜಿನ್ನಿನ ಉಷ್ಣತೆ ಹಾಗೂ ಓಡಿದ ದೂರವನ್ನು ಮುಳ್ಳುಗಳ ಬದಲು ವಿದ್ಯುನ್ಮಾನ ಪರದೆಯ ಮೇಲೆ ತೋರಿಸುವ ಉಪಕರಣ. ಬ್ರೇಕ್, ಆಯಿಲ್, ಏರ್‌ಬ್ಯಾಗ್ ಮೊದಲಾದವುಗಳ ಎಚ್ಚರಿಕೆಯ ದೀಪಗಳೂ ಇದರಲ್ಲಿಯೇ ಇರುತ್ತವೆ. ಇತ್ತೀಚಿನ ಹಲವು ಕಾರುಗಳಲ್ಲಿ ಇದು ಕಾರ್ಖಾನೆಯಿಂದಲೇ ಬರುತ್ತದೆ. ಮುಳ್ಳಿನ ಮೀಟರ್ ಇರುವ ಕಾರಿಗೆ ಮಾಲೀಕರು ನಂತರ ಬೇರೆ ತಯಾರಕರ ಪರದೆಯನ್ನು ಕೂಡಿಸುವುದೂ ಉಂಟು. ಈ ಲೇಖನವು ಅಂತಹ ಅಳವಡಿಕೆಯನ್ನು ಕುರಿತದ್ದು. ಬೆಂಗಳೂರಿನ ಜೆ.ಸಿ. ರಸ್ತೆಯು ಕಾರಿನ ಬಿಡಿಭಾಗಗಳ ಮತ್ತು ಅಲಂಕಾರ ಸಾಮಗ್ರಿಗಳ ಹಳೆಯ ಮಾರುಕಟ್ಟೆ. ಈಗ ಅಂತರಜಾಲದ ಮೂಲಕ ತರಿಸಿಕೊಳ್ಳಬಹುದಾದ್ದರಿಂದ ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯಂತಹ ಊರುಗಳವರಿಗೂ, ಲಚ್ಯಾಣದಂತಹ ಹಳ್ಳಿಗಳವರಿಗೂ ಈ ಪರದೆಗಳು ದೂರದ ವಸ್ತುಗಳಲ್ಲ. ಪರದೆಯನ್ನು ಕೂಡಿಸುವುದು ಕಷ್ಟದ ಕೆಲಸವಲ್ಲ. ಹಳೆಯ ಮೀಟರನ್ನು ತೆಗೆದಾಗ ಅದರೊಡನೆ ಯಾವ ಯಾವ ಎಚ್ಚರಿಕೆಗಳು ಹೋಗುತ್ತವೆ ಎಂಬುದನ್ನು ತಿಳಿಯುವುದೇ ಇಲ್ಲಿ ಮುಖ್ಯವಾದದ್ದು.

ಹಿನ್ನೆಲೆ

ಡ್ಯಾಶ್‌ಬೋರ್ಡ್ ಎಂಬ ಹೆಸರು ಕುದುರೆ ಗಾಡಿಗಳ ಕಾಲದ್ದು. ಓಡುವ ಕುದುರೆಯ ಗೊರಸಿನಿಂದ ಸಿಡಿಯುವ ಕೆಸರು ಗಾಡಿಯಲ್ಲಿ ಕುಳಿತವರ ಮೇಲೆ ಬೀಳದಂತೆ ಮುಂಭಾಗದಲ್ಲಿ ನಿಲ್ಲಿಸುತ್ತಿದ್ದ ಹಲಗೆಗೆ ಆ ಹೆಸರಿತ್ತು. ಟಾಂಗಾಗಳಿಗೆ ಹೆಸರಾದ ವಿಜಯಪುರದ ಓದುಗರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಕುದುರೆಯ ಜಾಗಕ್ಕೆ ಎಂಜಿನ್ ಬಂದ ಮೇಲೆ ಅದೇ ಹಲಗೆಯು ಮೀಟರುಗಳ ನೆಲೆಯಾಯಿತು.

ಮುಳ್ಳಿನ ವೇಗಮಾಪಕಕ್ಕೆ ಜರ್ಮನಿಯ ಓಟ್ಟೋ ಷುಲ್ಟ್ಜೆ 1902ರಲ್ಲಿ ಪೇಟೆಂಟ್ ಪಡೆದನು. ಗೇರ್‌ಬಾಕ್ಸಿನಿಂದ ಬರುವ ತಿರುಗುವ ಕೇಬಲ್ ಒಂದು ಅಯಸ್ಕಾಂತವನ್ನು ತಿರುಗಿಸುತ್ತದೆ. ಅದರ ಸೆಳೆತಕ್ಕೆ ಲೋಹದ ಬಟ್ಟಲೊಂದು ಸ್ಪ್ರಿಂಗಿನ ವಿರುದ್ಧ ತಿರುಗಿ ಮುಳ್ಳನ್ನು ಸರಿಸುತ್ತದೆ. ಅಂಬಾಸಿಡರ್, ಮಾರುತಿ 800 ಕಾರುಗಳ ಮೀಟರುಗಳು ಈ ತತ್ತ್ವದಿಂದಲೇ ನಡೆಯುತ್ತಿದ್ದವು. 1976ರಲ್ಲಿ ಪ್ರದರ್ಶಿತವಾದ ಬ್ರಿಟನ್ನಿನ ಆಸ್ಟನ್ ಮಾರ್ಟಿನ್ ಲಗೊಂಡ ಡಿಜಿಟಲ್ ಮೀಟರ್ ಫಲಕವಿದ್ದ ಮೊದಮೊದಲ ಕಾರುಗಳಲ್ಲಿ ಒಂದು. ಆದರೆ ಇಂದಿನ ಪರದೆಗಳಿಗೆ ದಾರಿ ಮಾಡಿಕೊಟ್ಟದ್ದು ಕಾರಿನೊಳಗಿನ ತಂತಿಗಳಲ್ಲಿ ಆದ ಬದಲಾವಣೆ. ಜರ್ಮನಿಯ ಬಾಷ್ ಸಂಸ್ಥೆಯು 1986ರಲ್ಲಿ ಪ್ರಕಟಿಸಿದ ಕ್ಯಾನ್ ಎಂಬ ವ್ಯವಸ್ಥೆಯಲ್ಲಿ ಎಂಜಿನ್, ಬ್ರೇಕ್, ಏರ್‌ಬ್ಯಾಗ್, ಮೀಟರ್ ಎಲ್ಲವೂ ಹೆಣೆದ ಎರಡು ತಂತಿಗಳ ಮೇಲೆ ಪರಸ್ಪರ ಸಂದೇಶ ಕಳುಹಿಸುತ್ತವೆ. ಇಂತಹ ಕಾರಿನಲ್ಲಿ ಮೀಟರ್ ಕೇವಲ ಅಳತೆಯ ಸಾಧನವಲ್ಲ. ಸಂದೇಶಗಳನ್ನು ಕೇಳಿ, ಕೆಲವಕ್ಕೆ ಉತ್ತರವನ್ನೂ ಕೊಡುವ ಒಂದು ಸಣ್ಣ ಗಣಕ.

ವಿಧಗಳು

ಮಾರುಕಟ್ಟೆಯಲ್ಲಿ ಡಿಜಿಟಲ್ ಮೀಟರ್ ಎಂಬ ಒಂದೇ ಹೆಸರಿನಲ್ಲಿ ಬಹಳ ಭಿನ್ನವಾದ ವಸ್ತುಗಳು ಮಾರಾಟವಾಗುತ್ತವೆ. ಮೊದಲನೆಯದು ಹಳೆಯ ಮೀಟರನ್ನು ಪೂರ್ತಿಯಾಗಿ ತೆಗೆದು ಅದೇ ಗೂಡಿನಲ್ಲಿ ಕೂಡಿಸುವ ಫಲಕ. ಇದು ಅದೇ ಕಾರಿನ ದುಬಾರಿ ಮಾದರಿಯಿಂದ ತೆಗೆದದ್ದಾಗಿರಬಹುದು, ಅಥವಾ ಹೊರಗಿನ ತಯಾರಕರು ಆ ಕಾರಿಗೆಂದೇ ರೂಪಿಸಿದ್ದಾಗಿರಬಹುದು. ಎರಡನೆಯದು ಹಳೆಯ ಮೀಟರನ್ನು ಮುಟ್ಟದೆ, ಸ್ಟಿಯರಿಂಗಿನ ಕೆಳಗಿರುವ ಓಬಿಡಿ ಕಿಂಡಿಗೆ ಚುಚ್ಚಿ ಡ್ಯಾಶ್‌ಬೋರ್ಡಿನ ಮೇಲೆ ಅಂಟಿಸುವ ಸಣ್ಣ ಪರದೆ. ಉಪಗ್ರಹದ ಸಂಕೇತದಿಂದ ವೇಗ ಮಾತ್ರ ತೋರಿಸುವ ಜಿಪಿಎಸ್ ಮೀಟರ್ ಮೂರನೆಯದು. ಹಾಡು ಮತ್ತು ನಕ್ಷೆಗಾಗಿ ಕಾರಿನ ನಡುವೆ ಕೂಡಿಸುವ ಸ್ಪರ್ಶಪರದೆಯನ್ನೂ ಕೆಲವರು ಈ ಗುಂಪಿಗೆ ಸೇರಿಸುವರಾದರೂ ಅದು ಮೀಟರ್ ಅಲ್ಲ.

ಕಾರ್ಯವಿಧಾನ

ಓಬಿಡಿ ಎಂಬುದು ಎಂಜಿನ್ನಿನ ದೋಷಗಳನ್ನು ವಾಹನವೇ ಗುರುತಿಸಿ ತಿಳಿಸುವ ವ್ಯವಸ್ಥೆ. ಇದರ ಕಿಂಡಿಯಲ್ಲಿ 16 ಪಿನ್ನುಗಳಿವೆ. 16ನೆಯ ಪಿನ್ನಿಗೆ ಬ್ಯಾಟರಿಯ ಧನ ತುದಿಯೂ, 4 ಮತ್ತು 5ನೆಯ ಪಿನ್ನುಗಳಿಗೆ ಅರ್ಥಿಂಗೂ, 6 ಮತ್ತು 14ನೆಯ ಪಿನ್ನುಗಳಿಗೆ ಕ್ಯಾನ್ ತಂತಿಗಳೂ ಬರುತ್ತವೆ. ಹೊರಗಿನ ಪರದೆಯು ಎಂಜಿನ್ನಿನ ಇಸಿಯುವಿಗೆ ಪ್ರಶ್ನೆ ಕೇಳಿ ಉತ್ತರವನ್ನು ಲೆಕ್ಕ ಹಾಕಿ ತೋರಿಸುತ್ತದೆ. ಉದಾಹರಣೆಗೆ, ಎಂಜಿನ್ನಿನ ನೀರಿನ ಉಷ್ಣತೆಯ ಪ್ರಶ್ನೆಗೆ 130 ಎಂಬ ಉತ್ತರ ಬಂದರೆ ಅದರಿಂದ 40 ಕಳೆದು 90 ಡಿಗ್ರಿ ಸೆಲ್ಸಿಯಸ್ ಎಂದು ಓದಬೇಕು. ಸುತ್ತುಗಳ ಸಂಖ್ಯೆಯು ನಾಲ್ಕು ಪಟ್ಟಾಗಿ ಬರುತ್ತದೆ. 3,200 ಬಂದರೆ ನಿಮಿಷಕ್ಕೆ 800 ಸುತ್ತು.

ಹಲವು ಕಾರುಗಳಲ್ಲಿ ಮುಳ್ಳಿನ ಮೀಟರ್ ಮಧ್ಯದ ಗೆರೆಯಲ್ಲಿ ನಿಂತಿರುವಾಗಲೇ ಉಷ್ಣತೆ ಹತ್ತಾರು ಡಿಗ್ರಿ ಏರಿಳಿಯುತ್ತದೆ. ಓಬಿಡಿ ಪರದೆಯು ಆ ಏರಿಕೆಯನ್ನು ಅಂಕಿಯಲ್ಲಿ ತೋರಿಸುತ್ತದೆ. ಬೇಸಿಗೆಯಲ್ಲಿ ಎ.ಸಿ. ಹಾಕಿಕೊಂಡು ದೂರ ಹೋಗುವವರಿಗೆ ಇದು ನಿಜವಾದ ಪ್ರಯೋಜನ.

ಆದರೆ ಈ ಪ್ರಶ್ನೋತ್ತರಕ್ಕೆ ಮಿತಿಯಿದೆ. ಓಬಿಡಿಯ ಸಾಮಾನ್ಯ ಪ್ರಶ್ನೆಗಳು ಹೊಗೆಯ ನಿಯಂತ್ರಣಕ್ಕಾಗಿ ರೂಪುಗೊಂಡವು. ಏರ್‌ಬ್ಯಾಗ್ ಕೆಟ್ಟಿದೆಯೇ, ಎಬಿಎಸ್ ನಿಂತಿದೆಯೇ, ಬ್ರೇಕ್ ಆಯಿಲ್ ಇಳಿದಿದೆಯೇ, ಬಾಗಿಲು ತೆರೆದಿದೆಯೇ ಎಂಬುದು ಆ ಪ್ರಶ್ನೆಗಳ ಪಟ್ಟಿಯಲ್ಲಿ ಇಲ್ಲ. ಬಹುಪಾಲು ಕಾರುಗಳಲ್ಲಿ ಎಂಜಿನ್ ಆಯಿಲ್ ಒತ್ತಡದ ಕೆಂಪು ದೀಪವೂ ಆ ದಾರಿಯಿಂದ ಸಿಗುವುದಿಲ್ಲ. ಇಂಧನದ ಮಟ್ಟಕ್ಕೆ ಪ್ರಶ್ನೆಯಿದ್ದರೂ ಅನೇಕ ಕಾರುಗಳು ಉತ್ತರಿಸುವುದಿಲ್ಲ. ಆದ್ದರಿಂದ ಓಬಿಡಿ ಪರದೆಯು ಹಳೆಯ ಮೀಟರಿಗೆ ಜೊತೆಗಾರನಾಗಬಹುದೇ ಹೊರತು ಬದಲಿಯಾಗಲಾರದು. ಅದನ್ನು ನೆಚ್ಚಿ ಮೂಲ ಮೀಟರನ್ನು ಕಿತ್ತುಹಾಕಿದ ಕಾರಿನಲ್ಲಿ ಆಯಿಲ್ ಒತ್ತಡ ಬಿದ್ದರೆ ಚಾಲಕನಿಗೆ ಮೊದಲು ತಿಳಿಯುವುದು ಎಂಜಿನ್ನಿನ ಸದ್ದಿನಿಂದ. ಅಷ್ಟು ಹೊತ್ತಿಗೆ ಬೇರಿಂಗ್‌ಗಳು ಹಾಳಾಗಿರುತ್ತವೆ.

ಕ್ಯಾನ್ ವ್ಯವಸ್ಥೆಯಿಲ್ಲದ ಹಳೆಯ ಕಾರುಗಳ ತೊಡಕುಗಳು ಬೇರೆ. ಅಲ್ಲಿ ಗೇರ್‌ಬಾಕ್ಸಿನ ಕೇಬಲ್ ಜಾಗದಲ್ಲಿ ಮಿಡಿತ ಕಳುಹಿಸುವ ಸಂವೇದಕವನ್ನು ಕೂಡಿಸಿ, ಒಂದು ಕಿ.ಮೀ.ಗೆ ಎಷ್ಟು ಮಿಡಿತ ಎಂದು ಪರದೆಗೆ ಕಲಿಸಬೇಕು. ಇಂಧನದ ಟ್ಯಾಂಕಿನೊಳಗಿನ ತೇಲುಬುರುಡೆಯ ವಿದ್ಯುತ್ ರೋಧವೂ ತಯಾರಕರಿಂದ ತಯಾರಕರಿಗೆ ಬದಲಾಗುತ್ತದೆ. ಅಮೆರಿಕದ ಬಿಡಿ ಮೀಟರುಗಳಲ್ಲಿ ಬಳಕೆಯಲ್ಲಿರುವ ಒಂದು ಕ್ರಮದಂತೆ 240 ಓಮ್ ಎಂದರೆ ಖಾಲಿ, 33 ಓಮ್ ಎಂದರೆ ತುಂಬಿದೆ. ಯುರೋಪಿನ ಒಂದು ಕ್ರಮದಲ್ಲಿ 10 ಓಮ್ ಖಾಲಿ, 180 ಓಮ್ ತುಂಬಿದೆ. ಒಂದಕ್ಕೆ ಮತ್ತೊಂದನ್ನು ಜೋಡಿಸಿದರೆ ಟ್ಯಾಂಕ್ ಬರಿದಾದಂತೆ ಪರದೆಯ ಪಟ್ಟಿ ಏರುತ್ತ ಹೋಗುತ್ತದೆ. ಚಾರ್ಜಿಂಗ್ ದೀಪದಲ್ಲಿಯೂ ಇಂತಹ ಒಂದು ಗುಟ್ಟಿದೆ. ಅನೇಕ ಹಳೆಯ ಕಾರುಗಳಲ್ಲಿ ಆಲ್ಟರ್ನೇಟರ್ ಕೆಲಸ ಆರಂಭಿಸಲು ಬೇಕಾದ ಅಲ್ಪ ವಿದ್ಯುತ್ತು ಆ ದೀಪದ ಬಲ್ಬಿನ ಮೂಲಕವೇ ಹರಿಯುತ್ತದೆ. ಬಲ್ಬನ್ನು ತೆಗೆದು ತಕ್ಕ ರೋಧಕವನ್ನು ಹಾಕದಿದ್ದರೆ ಬ್ಯಾಟರಿ ಚಾರ್ಜ್ ಆಗದೆ ಹೋಗಬಹುದು.

ಅಳವಡಿಸುವ ಕ್ರಮ

ಪೂರ್ಣ ಫಲಕವನ್ನು ಬದಲಿಸುವ ಮುನ್ನ ಹಳೆಯ ಮೀಟರಿನಲ್ಲಿ ಕೀಲಿ ತಿರುಗಿಸಿದೊಡನೆ ಬೆಳಗುವ ಎಲ್ಲ ದೀಪಗಳ ಛಾಯಾಚಿತ್ರ ತೆಗೆದುಕೊಳ್ಳಬೇಕು. ಹೊಸ ಫಲಕದಲ್ಲಿ ಅವೆಲ್ಲವೂ ಇವೆಯೇ ಎಂದು ನೋಡಲು ಇದೊಂದೇ ದಾಖಲೆ.

ನಂತರ ಕೀಲಿ ತೆಗೆದು ಬ್ಯಾಟರಿಯ ಋಣ ತುದಿಯನ್ನು ಬಿಡಿಸಿ, ಕಾರಿನ ಕೈಪಿಡಿಯಲ್ಲಿ ಹೇಳಿದಷ್ಟು ನಿಮಿಷ ಕಾಯಬೇಕು. ಏರ್‌ಬ್ಯಾಗಿನ ಘಟಕವು ಬ್ಯಾಟರಿ ಕಳಚಿದ ಮೇಲೂ ಸ್ವಲ್ಪ ಹೊತ್ತು ವಿದ್ಯುತ್ತನ್ನು ಹಿಡಿದಿಟ್ಟುಕೊಳ್ಳುತ್ತದೆ. ಸ್ಟಿಯರಿಂಗನ್ನು ಕೆಳಕ್ಕೆ ಇಳಿಸಿ, ಮೀಟರಿನ ಸುತ್ತಲ ಚೌಕಟ್ಟನ್ನು ಪ್ಲಾಸ್ಟಿಕ್ ಸಲಾಕೆಯಿಂದ ಎಬ್ಬಿಸಬೇಕು. ಸ್ಕ್ರೂ ಡ್ರೈವರ್ ಬಳಸಿದರೆ ಗೀರು ಬೀಳುತ್ತದೆ, ಕ್ಲಿಪ್ಪುಗಳು ಮುರಿಯುತ್ತವೆ. ಸ್ಕ್ರೂಗಳನ್ನು ತೆಗೆದ ಬಳಿಕ ಮೀಟರನ್ನು ತುಸು ಮುಂದಕ್ಕೆ ಎಳೆದು, ಹಿಂದಿರುವ ಕನೆಕ್ಟರಿನ ಕೊಂಡಿಯನ್ನು ಒತ್ತಿ ಬಿಡಿಸಬೇಕು, ತಂತಿಯನ್ನು ಹಿಡಿದು ಎಳೆಯಬಾರದು. ಆ ಕಾರಿಗೆಂದೇ ಮಾಡಿದ ಫಲಕಗಳೊಂದಿಗೆ ಎರಡೂ ಕಡೆ ಹೊಂದುವ ತಂತಿಯ ಕಟ್ಟು ಬರುತ್ತದೆ. ಮೂಲ ತಂತಿಯನ್ನು ಕತ್ತರಿಸಿ ಟೇಪ್ ಸುತ್ತಿ ಜೋಡಿಸಲು ಹೇಳುವ ಫಲಕವನ್ನು ಕೊಳ್ಳದಿರುವುದೇ ಲೇಸು. ಹಾಗೆ ಕತ್ತರಿಸಿದ ಮೇಲೆ ಹಳೆಯ ಸ್ಥಿತಿಗೆ ಮರಳುವುದು ಕಷ್ಟ. ವಿದ್ಯುತ್ ಭಾಗಗಳ ವಾರಂಟಿಗೂ ಧಕ್ಕೆ ಬರಬಹುದು.

ಕ್ಯಾನ್ ತಂತಿಗಳ ಎರಡು ತುದಿಗಳಲ್ಲಿ ಸಾಮಾನ್ಯವಾಗಿ 120 ಓಮಿನ ಒಂದೊಂದು ರೋಧಕವಿರುತ್ತದೆ. ಬ್ಯಾಟರಿ ಕಳಚಿದಾಗ 6 ಮತ್ತು 14ನೆಯ ಪಿನ್ನುಗಳ ನಡುವೆ ಮಲ್ಟಿಮೀಟರ್ ಹಿಡಿದರೆ ಸುಮಾರು 60 ಓಮ್ ತೋರಬೇಕು. ಕೆಲವು ಕಾರುಗಳಲ್ಲಿ ಮೂಲ ಮೀಟರಿನೊಳಗೇ ಒಂದು ರೋಧಕವಿರುವುದರಿಂದ ಅದನ್ನು ತೆಗೆದಾಗ 120 ಓಮ್ ಆಗುತ್ತದೆ, ಹೊಸ ಫಲಕದಲ್ಲಿ ಅದು ಇಲ್ಲದಿದ್ದರೆ ಕಾರಿನ ಬೇರೆ ಘಟಕಗಳ ಸಂದೇಶಗಳೂ ಕೆಡುತ್ತವೆ. ಈ ಪರೀಕ್ಷೆ ಎರಡು ನಿಮಿಷದ್ದು.

ಕೆಲವು ಕಾರುಗಳಲ್ಲಿ, ವಿಶೇಷವಾಗಿ ಫೋಕ್ಸ್‌ವ್ಯಾಗನ್ ಸಮೂಹದ ಹಲವು ಮಾದರಿಗಳಲ್ಲಿ, ಕಳ್ಳತನ ತಡೆಯುವ ಇಮೊಬಿಲೈಸರ್ ಮೀಟರಿನೊಳಗೇ ಇದೆ. ಅಂತಹ ಕಾರಿಗೆ ಬೇರೆ ಮೀಟರ್ ಹಾಕಿದರೆ ಎಂಜಿನ್ ಶುರುವಾಗಿ ಕ್ಷಣಮಾತ್ರದಲ್ಲಿ ನಿಂತುಬಿಡುತ್ತದೆ. ಕೀಲಿ, ಇಸಿಯು ಮತ್ತು ಮೀಟರನ್ನು ಗಣಕದ ಮೂಲಕ ಮತ್ತೆ ಪರಸ್ಪರ ಪರಿಚಯಿಸಬೇಕಾಗುತ್ತದೆ. ಬೀದಿಬದಿಯ ಅಂಗಡಿಯಲ್ಲಿ ಇದು ಆಗುವ ಕೆಲಸವಲ್ಲ.

ಸ್ಥಿರವಾಗಿ ವಿದ್ಯುತ್ ಪಡೆಯುವ ಪರದೆಗಳು ನಿಂತ ಕಾರಿನಲ್ಲಿಯೂ ಬ್ಯಾಟರಿಯನ್ನು ಹೀರುತ್ತವೆ. 50 ಮಿಲಿ ಆಂಪಿಯರ್ ಎಳೆಯುವ ಪರದೆ ದಿನಕ್ಕೆ 1.2 ಆಂಪಿಯರ್-ಗಂಟೆ ಕಬಳಿಸುತ್ತದೆ. 35 ಆಂಪಿಯರ್-ಗಂಟೆಯ ಸಣ್ಣ ಬ್ಯಾಟರಿಯಲ್ಲಿ 15 ದಿನಕ್ಕೆ 18, ಅಂದರೆ ಅರ್ಧಕ್ಕಿಂತ ಹೆಚ್ಚು ಹೋಯಿತು. ಸಂತೆಗೋ ಮದುವೆಗೋ ಮಾತ್ರ ಹೊರತೆಗೆಯುವ ಊರಿನ ಕಾರುಗಳಲ್ಲಿ ಓಬಿಡಿ ಪರದೆಯನ್ನು ಬಳಕೆಯ ನಂತರ ಕಿತ್ತಿಡುವುದು ಒಳ್ಳೆಯದು.

ಬಿಸಿಲು

ವಿಜಯಪುರ ಜಿಲ್ಲೆಯಲ್ಲಿ ಏಪ್ರಿಲ್, ಮೇ ತಿಂಗಳುಗಳ ಹಗಲಿನ ಉಷ್ಣತೆ 40 ಡಿಗ್ರಿಯನ್ನು ದಾಟುವುದುಂಟು. ಬಯಲಿನಲ್ಲಿ ಗಾಜು ಮುಚ್ಚಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡಿನ ಮೇಲ್ಮೈ 70 ಡಿಗ್ರಿಯ ಆಸುಪಾಸಿಗೆ ಏರಬಲ್ಲದು. ವಾಹನಗಳಿಗೆಂದು ತಯಾರಾದ ವಿದ್ಯುನ್ಮಾನ ಭಾಗಗಳನ್ನು ಸಾಮಾನ್ಯವಾಗಿ 85 ಡಿಗ್ರಿಯವರೆಗೆ ಪರೀಕ್ಷಿಸಲಾಗುತ್ತದೆ. ಮೊಬೈಲು, ಟ್ಯಾಬ್ಲೆಟ್‌ಗಳ ಬಳಕೆಯ ಮಿತಿ 35 ಡಿಗ್ರಿಯ ಸುತ್ತ ಇರುತ್ತದೆ. ಅಗ್ಗದ ಪರದೆಗಳಲ್ಲಿ ಈ ಎರಡನೆಯ ಬಗೆಯ ಭಾಗಗಳೇ ಇದ್ದರೆ ಮೊದಲ ಬೇಸಿಗೆಯಲ್ಲಿಯೇ ಪರದೆ ಕಪ್ಪಾಗುವುದು, ಅಂಟು ಬಿಡುವುದು ಆಶ್ಚರ್ಯವಲ್ಲ. ಹಾಡಿನ ಪರದೆ ಕಪ್ಪಾದರೆ ಹಾಡು ನಿಲ್ಲುತ್ತದೆ ಅಷ್ಟೆ. ಮೀಟರ್ ಕಪ್ಪಾದರೆ ವೇಗವೂ ಎಚ್ಚರಿಕೆಯೂ ಒಟ್ಟಿಗೆ ಹೋಗುತ್ತವೆ. ಕೊಳ್ಳುವಾಗ ಕೇಳಬೇಕಾದ ಮೊದಲ ಅಂಕಿ ಇಂಚಿನದಲ್ಲ, ಉಷ್ಣತೆಯ ಮಿತಿಯದು.

ವೇಗದ ನಿಖರತೆ

ವಿಶ್ವಸಂಸ್ಥೆಯ 39ನೆಯ ವಾಹನ ನಿಯಮಾವಳಿಯ ಪ್ರಕಾರ ವೇಗಮಾಪಕವು ನಿಜವಾದ ವೇಗಕ್ಕಿಂತ ಕಡಿಮೆ ತೋರಿಸಬಾರದು. ಹೆಚ್ಚು ತೋರಿಸುವುದಾದರೆ ನಿಜವೇಗದ ಹತ್ತನೆಯ ಒಂದು ಭಾಗ ಮತ್ತು ಗಂಟೆಗೆ 4 ಕಿ.ಮೀ. ಇವುಗಳ ಮೊತ್ತವನ್ನು ಮೀರಬಾರದು. ಎಂದರೆ ಗಂಟೆಗೆ 80 ಕಿ.ಮೀ. ನಿಜವೇಗದಲ್ಲಿ ಮೀಟರ್ 80ರಿಂದ 92ರವರೆಗೆ ತೋರಿಸಬಹುದು. ಜಿಪಿಎಸ್ ಪರದೆಯನ್ನು ಪಕ್ಕದಲ್ಲಿಟ್ಟಾಗ ಮೂಲ ಮೀಟರ್ ಹೆಚ್ಚು ತೋರಿಸುವುದಕ್ಕೆ ಕಾರಣ ಇದು, ಅದು ಕೆಟ್ಟಿದೆ ಎಂದಲ್ಲ. ದೊಡ್ಡ ಟಯರ್ ಹಾಕಿಸಿದವರ ವಿಷಯ ಬೇರೆ: ಚಕ್ರದ ಸುತ್ತಳತೆ ಶೇಕಡ 5 ಹೆಚ್ಚಿದರೆ ಅದೇ ತೋರಿಕೆಯಲ್ಲಿ ಕಾರು ಶೇಕಡ 5 ಹೆಚ್ಚು ವೇಗದಲ್ಲಿರುತ್ತದೆ.

ಓಡಿದ ದೂರದ ದಾಖಲೆ

ಓಡೋಮೀಟರಿನ ಅಂಕಿಯು ಮೀಟರಿನೊಳಗಿನ ಸ್ಮೃತಿಕೋಶದಲ್ಲಿ ಇರುತ್ತದೆ. ಹಲವು ಕಾರುಗಳಲ್ಲಿ ಬೇರೆ ಘಟಕದಲ್ಲಿಯೂ ಅದರ ಪ್ರತಿ ಉಂಟು. ಹೊಸ ಫಲಕವು ಸೊನ್ನೆಯಿಂದಲೋ, ಬಿಚ್ಚಿ ತಂದ ಕಾರಿನ ಅಂಕಿಯಿಂದಲೋ ಆರಂಭವಾಗುತ್ತದೆ. ಹಳೆಯ ಅಂಕಿಯನ್ನು ಹೊಸದಕ್ಕೆ ಬರೆಸುವುದು ಸರಿಯಾದ ಕ್ರಮ. ಕಡಿಮೆ ಅಂಕಿ ಬರೆಸಿ ಕಾರನ್ನು ಮಾರಿದರೆ ಅದು ಕೊಂಡವನಿಗೆ ಮಾಡಿದ ಮೋಸ, ಭಾರತೀಯ ನ್ಯಾಯ ಸಂಹಿತೆಯ 318ನೆಯ ಕಲಂ ವಂಚನೆಯನ್ನು ಕುರಿತದ್ದು. ಬದಲಿಸಿದ ದಿನಾಂಕ, ಆ ದಿನದ ಅಂಕಿ, ಹಳೆಯ ಮೀಟರಿನ ಚಿತ್ರವನ್ನು ಸರ್ವಿಸ್ ಪುಸ್ತಕದೊಡನೆ ಇಟ್ಟು, ಹಳೆಯ ಮೀಟರನ್ನೂ ಎಸೆಯದೆ ಉಳಿಸಿಕೊಂಡರೆ ಮುಂದೆ ವಿವಾದವಿಲ್ಲ.

ಗಡಿಯ ತಾಲ್ಲೂಕಾದ ಇಂಡಿಯ ಕಡೆ ಈ ಮಾತಿಗೆ ಹೆಚ್ಚಿನ ಬೆಲೆಯಿದೆ. ಕೆಎ 28 ವಿಜಯಪುರದ ನೋಂದಣಿ ಸಂಖ್ಯೆ, ಎಂಎಚ್ 13 ನೆರೆಯ ಸೊಲ್ಲಾಪುರದ್ದು. ಹೊರರಾಜ್ಯದ ಹಳೆಯ ಕಾರನ್ನು ಕೊಳ್ಳುವವನಿಗೆ ಅದರ ಪೂರ್ವಚರಿತ್ರೆ ತಿಳಿಯುವುದು ಕಷ್ಟ. ಪರದೆ ಹೊಸದಾಗಿದ್ದು ಪೆಡಲಿನ ರಬ್ಬರ್, ಸ್ಟಿಯರಿಂಗ್ ಹೊದಿಕೆ, ಚಾಲಕನ ಆಸನ ಸವೆದಿದ್ದರೆ ಅಧಿಕೃತ ಸರ್ವಿಸ್ ಕೇಂದ್ರದಲ್ಲಿ ಹಿಂದಿನ ಸರ್ವಿಸ್‌ಗಳ ಕಿ.ಮೀ. ದಾಖಲೆಯನ್ನು ಕೇಳಿ ನೋಡಬೇಕು.

ಕಾನೂನು ಮತ್ತು ವಿಮೆ

ಮೋಟಾರು ವಾಹನ ಕಾಯ್ದೆ, 1988ರ 52ನೆಯ ಕಲಂ ಪ್ರಕಾರ, ನೋಂದಣಿ ಪತ್ರದ ವಿವರಗಳು ತಯಾರಕರು ನಮೂದಿಸಿದ್ದಕ್ಕಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಇದನ್ನು ಎತ್ತಿಹಿಡಿಯಿತು. ಮೀಟರಿನ ಬಗೆಯು ನೋಂದಣಿ ಪತ್ರದಲ್ಲಿ ಇರುವುದಿಲ್ಲವಾದ್ದರಿಂದ ಹೆಚ್ಚುವರಿ ಪರದೆಯೊಂದನ್ನು ಅಂಟಿಸುವುದು ಈ ಕಲಮಿನ ವ್ಯಾಪ್ತಿಗೆ ನೇರವಾಗಿ ಬರುವುದಿಲ್ಲ. ಆದರೆ ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 117ನೆಯ ನಿಯಮವು ವೇಗಮಾಪಕವನ್ನು ಕಡ್ಡಾಯ ಮಾಡಿದೆ. 2019ರ ಜುಲೈ 1ರ ನಂತರ ತಯಾರಾದ ಕಾರುಗಳಲ್ಲಿ ಗಂಟೆಗೆ 80 ಕಿ.ಮೀ. ಮೀರಿದಾಗ ಬಿಟ್ಟು ಬಿಟ್ಟು, 120 ಮೀರಿದಾಗ ಸತತವಾಗಿ ಸದ್ದು ಮಾಡುವ ವೇಗದ ಎಚ್ಚರಿಕೆಯೂ, ಸೀಟ್ ಬೆಲ್ಟ್ ನೆನಪೋಲೆಯೂ ಇರಲೇಬೇಕು. ಇವು ಅನೇಕ ಕಾರುಗಳಲ್ಲಿ ಮೀಟರಿನಿಂದಲೇ ಹೊರಡುವ ಸದ್ದುಗಳು. ಬದಲಿ ಫಲಕದಲ್ಲಿ ಅವು ಇಲ್ಲದಿದ್ದರೆ ನಿಯಮ ತಪ್ಪಿದಂತಾಗುತ್ತದೆ. 2019ರ ತಿದ್ದುಪಡಿಯಿಂದ ಸೇರಿದ 182ಎ ಕಲಂ, ಅನುಮತಿಯಿಲ್ಲದ ಮಾರ್ಪಾಡು ಮಾಡಿದ ಮಾಲೀಕನಿಗೆ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗಿನ ಸೆರೆವಾಸ ಅಥವಾ ಎರಡನ್ನೂ ವಿಧಿಸಲು ಅವಕಾಶ ನೀಡುತ್ತದೆ.

ಕಾರಿನ ಮೂಲ ಬೆಲೆಯಲ್ಲಿ ಸೇರದ ವಿದ್ಯುನ್ಮಾನ ಸಾಮಗ್ರಿಗಳಿಗೆ ವಿಮೆ ತಾನಾಗಿ ಅನ್ವಯಿಸುವುದಿಲ್ಲ. ಭಾರತೀಯ ಮೋಟಾರು ದರಪಟ್ಟಿಯ 24ನೆಯ ಅನುಬಂಧದಡಿ ಅವುಗಳನ್ನು ಘೋಷಿಸಿ, ಬೆಲೆಯ ಶೇಕಡ 4ರಷ್ಟು ಹೆಚ್ಚುವರಿ ಕಂತು ಕಟ್ಟಿದರೆ ರಕ್ಷಣೆ ದೊರೆಯುತ್ತದೆ. 15,000 ರೂಪಾಯಿಯ ಫಲಕಕ್ಕೆ ಇದು ವರ್ಷಕ್ಕೆ 600 ರೂಪಾಯಿ, ತೆರಿಗೆ ಪ್ರತ್ಯೇಕ. ಘೋಷಿಸುವಾಗ ಖರೀದಿಯ ರಸೀದಿ ಬೇಕಾಗುವುದರಿಂದ ಬಿಲ್ಲಿಲ್ಲದೆ ಕೊಂಡ ಪರದೆಗೆ ಈ ಸೌಲಭ್ಯ ದೊರೆಯುವುದು ಕಷ್ಟ.