ವಿಡಿಯೋ ಗೇಮ್‌ಗಳಲ್ಲಿ ಕಥೆಯೇ ಇರುವುದಿಲ್ಲವೇ? ಫಾರ್ವರ್ಡ್ ಮಾಡುವ ಮುನ್ನ ಓದಿ

"ಗೇಮ್ ಅಂದ್ರೆ ಬರೀ ಗುಂಡು ಹಾರಿಸೋದು. ಅದರಲ್ಲಿ ಕಥೆಯೂ ಇಲ್ಲ, ನೀತಿಯೂ ಇಲ್ಲ." ಪೋಷಕರ ವಾಟ್ಸಾಪ್ ಗ್ರೂಪ್‌ಗಳಲ್ಲಿ ಇಂಥ ಸಂದೇಶಗಳು ಆಗಾಗ ಬರುತ್ತವೆ. ಇದು ಎಷ್ಟು ನಿಜ? ನೋಡೋಣ.

ಗೇಮ್‌ನಲ್ಲಿ ಕಥೆ ಇದೆಯೇ?

ಹಲವು ಗೇಮ್‌ಗಳಲ್ಲಿ ಖಂಡಿತ ಇದೆ. ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ 2020ರಲ್ಲಿ ತಂದ 'ರಾಜಿ' ಗೇಮ್‌ನಲ್ಲಿ ರಾಜಿ ಎಂಬ ಹುಡುಗಿ, ಅಸುರರು ಹೊತ್ತೊಯ್ದ ತಮ್ಮನನ್ನು ಹುಡುಕಿಕೊಂಡು ಹೊರಡುತ್ತಾಳೆ. ನಡುನಡುವೆ ಕಥೆ ಹೇಳುವುದು ನೆರಳುಗೊಂಬೆಗಳು. ಬಳ್ಳಾರಿಯ ಬೆಳಗಲ್ಲು ವೀರಣ್ಣನವರ ತೊಗಲುಗೊಂಬೆಯಾಟ ನೋಡಿದವರಿಗೆ ಈ ನೆರಳು ಹೊಸದಲ್ಲ.

2014ರ 'ದಿಸ್ ವಾರ್ ಆಫ್ ಮೈನ್'ನಲ್ಲಿ ಆಡುವವರು ಸೈನಿಕರಲ್ಲ, ಯುದ್ಧದ ನಡುವೆ ಸಿಕ್ಕಿಕೊಂಡ ಸಾಮಾನ್ಯ ಜನ. ತಮ್ಮವರನ್ನು ಉಳಿಸಲು ಬೇರೆಯವರ ಔಷಧ ಕದಿಯಬೇಕೇ ಎಂದು ಅವರೇ ತೀರ್ಮಾನಿಸಬೇಕು. ಇದನ್ನು ಶಾಲೆಗಳ ಪೂರಕ ಪಟ್ಟಿಗೆ ಸೇರಿಸುವುದಾಗಿ ಪೋಲೆಂಡ್ ಸರ್ಕಾರ 2020ರಲ್ಲಿ ಪ್ರಕಟಿಸಿತು. 2018ರ 'ಗಾಡ್ ಆಫ್ ವಾರ್'ನಲ್ಲಿ ತಂದೆ-ಮಗ ತಾಯಿಯ ಚಿತಾಭಸ್ಮ ಹೊತ್ತು ಬೆಟ್ಟದ ತುದಿಗೆ ನಡೆಯುತ್ತಾರೆ.

ಅಗಲಿಕೆ, ಹುಡುಕಾಟ, ಸೇಡು, ಪಶ್ಚಾತ್ತಾಪ: ಗೇಮ್‌ಗಳಲ್ಲಿ ಮತ್ತೆ ಮತ್ತೆ ಬರುವ ವಿಷಯಗಳಿವು. ಸಿರುಗುಪ್ಪ, ಕುರುಗೋಡು ಕಡೆಯ ಬಯಲಾಟಗಳಲ್ಲಿ ನಾವು ಕಂಡಿರುವುದೂ ಇವನ್ನೇ.

ಹಾಗಾದರೆ ಸಂದೇಶ ಪೂರ್ತಿ ಸುಳ್ಳೇ?

ಅಲ್ಲ. ಮೊಬೈಲ್‌ನಲ್ಲಿ ಉಚಿತವಾಗಿ ಸಿಗುವ ಬಿಜಿಎಂಐ, ಕ್ಯಾಂಡಿ ಕ್ರಷ್‌ನಂಥ ಗೇಮ್‌ಗಳಲ್ಲಿ ಕಥೆ ನೆಪಕ್ಕಷ್ಟೇ. ಕಥೆಗೆ ಮುಕ್ತಾಯ ಬೇಕು, ಇವುಗಳಿಗೆ ಬೇಡ. ಆಡುವವರು ಮರಳಿ ಬಂದಷ್ಟೂ ಗೇಮ್ ಒಳಗಿನ ಖರೀದಿ, ಜಾಹೀರಾತುಗಳಿಂದ ಕಂಪನಿಗೆ ಆದಾಯ. ರಾತ್ರಿಯಿಡೀ ನಡೆಯುವ ಬಯಲಾಟಕ್ಕೂ ಬೆಳಗಾದರೆ ಮಂಗಳ ಹಾಡುತ್ತಾರೆ. ಈ ಗೇಮ್‌ಗಳಿಗೆ ಮಂಗಳವೇ ಇಲ್ಲ!

ಕಥೆ ಇದ್ದ ಮಾತ್ರಕ್ಕೆ ಮಕ್ಕಳಿಗೆ ಸರಿ ಎಂದೂ ಅಲ್ಲ. ಮೇಲೆ ಹೇಳಿದ 'ಗಾಡ್ ಆಫ್ ವಾರ್' ದೊಡ್ಡವರಿಗಾಗಿ ಮಾಡಿದ್ದು.

ಮನೆಯಲ್ಲಿ ಏನು ಮಾಡಬಹುದು?

• ಗೇಮ್ ಹಾಕಿಕೊಳ್ಳುವ ಮುನ್ನ ವಯಸ್ಸಿನ ಮಿತಿ ನೋಡಿ.
• "ಇದರ ಕಥೆ ಏನು? ಯಾವಾಗ ಮುಗಿಯುತ್ತೆ?" ಎಂದು ಮಗುವನ್ನು ಕೇಳಿ. ಮುಗಿಯದ ಗೇಮ್ ಆದರೆ ನಿಲ್ಲಿಸುವ ಹೊತ್ತನ್ನು ಇಬ್ಬರೂ ಸೇರಿ ಮೊದಲೇ ಗೊತ್ತು ಮಾಡಿ.
• ಆಟದ ಮೇಲೆ ಹಿಡಿತ ತಪ್ಪಿ, ಓದು, ನಿದ್ದೆ ಕೆಟ್ಟರೂ ಬಿಡಲಾಗದ ಸ್ಥಿತಿಯನ್ನು ವಿಶ್ವ ಆರೋಗ್ಯ ಸಂಸ್ಥೆ ಕಾಯಿಲೆಗಳ ಪಟ್ಟಿಗೆ ಸೇರಿಸಿದೆ. ಇಂಥ ಲಕ್ಷಣ ಕಂಡರೆ ಬೈಯುತ್ತಾ ಕೂರಬೇಡಿ, ಸರ್ಕಾರದ ಉಚಿತ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ.

ನಮ್ಮ ತೀರ್ಮಾನ: ಗೇಮ್‌ಗಳಲ್ಲಿ ಕಥೆಯೇ ಇಲ್ಲ ಎಂಬುದು ಅರ್ಧ ಸತ್ಯ.